ಬಲಗೈ ಗೊತ್ತಿದ್ದವರಿಗೆ

ತುಮಕೂರಿನ ನಮ್ಮ ಬೀದಿಯ ಇಬ್ಬರು ಹುಡುಗಿಯರಿಗೆ ಈಚೆಗೆ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿಯರಾಗಿ ಆದೇಶ ಬಂತು. ಇಬ್ಬರೂ ಸಿಹಿ ಹಿಡಿದುಕೊಂಡು ನನ್ನ ಮನೆಗೆ ಬಂದರು. “ಏನಾದ್ರೂ ಟಿಪ್ಸ್ ಕೊಡಿ ಮೇಡಂ” ಎಂದರು. “ಅದನ್ನು ಹೋಟೆಲಿನಲ್ಲಿ ಕೊಡ್ತಾರೆ, ಮೊದಲು ಕೂತ್ಕೊಳ್ಳಿ” ಎಂದೆ. ಅವರು ಕೇಳಿದ್ದೆಲ್ಲ ವರ್ಗಾವಣೆ, ಬಡ್ತಿ, ರಜೆಯ ವಿಷಯ. ಅದನ್ನು ಶಿಕ್ಷಕರ ಸಂಘದವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳಲು ಹೊರಟದ್ದು ಅವರ ಕಾಫಿ ಮುಗಿಯುವುದರೊಳಗೆ ಮುಗಿಯಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಶಿಸ್ತಿನವಳು. ಗಂಟೆ ಹೊಡೆಯುವ ಮೊದಲೇ ತರಗತಿಯ ಬಾಗಿಲಲ್ಲಿ ಇರುತ್ತಿದ್ದವಳು. ಸುಲಭವಾಗಿ ಬೆಚ್ಚುವವಳಲ್ಲ. ಆದರೂ ಈ ಕೆಲಸ ನನ್ನನ್ನು ಮೇಲಿಂದ ಮೇಲೆ ಬೆಚ್ಚಿಸಿತು. ಬೆಚ್ಚಿದ್ದು ಪ್ರತಿ ಸಲವೂ ಮಕ್ಕಳು ಕೈ ಎತ್ತಿದಾಗ.

ಮೊದಲ ಶಾಲೆ ಗುಬ್ಬಿ ತಾಲ್ಲೂಕಿನದು. ಅಲ್ಲಿ ಮುಖ್ಯೋಪಾಧ್ಯಾಯರು ನಂಜಪ್ಪನವರು. ಬಿಳಿ ಪ್ಯಾಂಟು, ಬಿಳಿ ಷರಟು, ಜೇಬಿನಲ್ಲಿ ಸೀಮೆಸುಣ್ಣದ ಚೂರು. ಹೊಸ ಶಿಕ್ಷಕರ ಪಾಠಕ್ಕೆ ಹೇಳದೆ ಕೇಳದೆ ಬಂದು ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಕೂತುಬಿಡುತ್ತಿದ್ದರು. ನಾನು ಆವತ್ತು ‘ಹ್ಯಾವ್ ಗಾಟ್’ ಕಲಿಸುತ್ತಿದ್ದೆ. ಹಲಗೆಯ ಮೇಲೆ ಬೈಸಿಕಲ್ಲಿನ ಚಿತ್ರ ಬರೆದು ಒಂದು ವಾಕ್ಯ ಹೇಳಿಕೊಟ್ಟೆ. ಇಡೀ ತರಗತಿ ಒಂದೇ ದನಿಯಲ್ಲಿ, ಹೆಂಚು ಹಾರುವ ಹಾಗೆ, “ಐ ಹ್ಯಾವ್ ಗಾಟ್ ಎ ಬೈಸಿಕಲ್” ಎಂದಿತು. ನನಗೆ ಹೆಮ್ಮೆ. ಹಿಂದಿನ ಬೆಂಚಿನಿಂದ ನಂಜಪ್ಪನವರು ಎದ್ದರು.

“ಎಲ್ಲಮ್ಮಾ ಬೈಸಿಕಲ್ಲು? ಹೊರಗೆ ನೋಡ್ಕೊಂಡೇ ಬಂದೆ. ಇರೋದು ಒಂದು. ಅದೂ ನಂದು.”

ಮಕ್ಕಳು ಗೊಳ್ಳೆಂದರು. ನಾನು ಕೆಂಪಾದೆ. ಅವರು ನಗಲಿಲ್ಲ. ಪಾಠ ಮುಗಿದ ಮೇಲೆ ಜಗಲಿಯಲ್ಲಿ ನಿಲ್ಲಿಸಿ ಹೇಳಿದರು: “ನೋಡಮ್ಮ, ಇರೋದನ್ನ ಇದೆ ಅನ್ನೋಕೆ ಕಲಿಸು. ಇಲ್ಲದ್ದನ್ನ ಇಲ್ಲ ಅನ್ನೋಕೆ ಕಲಿಸು. ಸುಳ್ಳು ವಾಕ್ಯ ವ್ಯಾಕರಣದಲ್ಲಿ ಎಷ್ಟೇ ಸರಿ ಇದ್ರೂ ನನ್ನ ಸ್ಕೂಲಲ್ಲಿ ಅದು ತಪ್ಪು.”

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮಾರನೆಯ ದಿನದಿಂದ ಒಂದೊಂದು ಮಗುವೂ ತನ್ನ ಮನೆಯಲ್ಲಿ ನಿಜವಾಗಿ ಇರುವುದನ್ನು, ತಾನು ನಿಜವಾಗಿ ಮಾಡಲೇಬೇಕಾದ ಕೆಲಸವನ್ನು ಹೇಳಬೇಕೆಂದು ಕಟ್ಟುಮಾಡಿದೆ. ಆಗಲೇ ನಮ್ಮ ಮಕ್ಕಳ ನಿಜವಾದ ಕಷ್ಟ ಕಂಡದ್ದು. ಕನ್ನಡದಲ್ಲಿ ನಾವು ‘ನನ್ನ ಹತ್ತಿರ ಪೆನ್ನು ಇದೆ’ ಎನ್ನುತ್ತೇವೆ, ‘ನನಗೆ ಒಬ್ಬ ತಮ್ಮ ಇದ್ದಾನೆ’ ಎನ್ನುತ್ತೇವೆ. ಇಂಗ್ಲಿಷಿನವರಿಗೆ ಪೆನ್ನಿಗೂ ತಮ್ಮನಿಗೂ ಒಂದೇ ‘ಹ್ಯಾವ್’. ಮಕ್ಕಳು ಅದನ್ನು ನಂಬಲೊಲ್ಲರು. “ಮೈ ನಿಯರ್ ಪೆನ್ ಈಸ್ ದೇರ್ ಮಿಸ್” ಎನ್ನುತ್ತಿದ್ದರು. ಅದೇ ‘ಹ್ಯಾವ್’ ಪಕ್ಕಕ್ಕೆ ‘ಟು’ ಬಂದರೆ ಇರುವ ವಸ್ತು ಹೋಗಿ ಹೆಗಲ ಮೇಲಿನ ಕೆಲಸ ಬರುತ್ತದೆ: ಮಾಡಲೇಬೇಕು, ಹೋಗಲೇಬೇಕು. ಇನ್ನು ‘ಯಾವಾಗಲೂ’ ಎಂಬ ಪದವನ್ನು ಕನ್ನಡದಲ್ಲಿ ವಾಕ್ಯದ ಮೊದಲಿಗೆ, ನಡುವಿಗೆ ಎಲ್ಲಿ ಬೇಕಾದರೂ ಕೂರಿಸಬಹುದು. ಇಂಗ್ಲಿಷಿನ ‘ಆಲ್ವೇಸ್’ ಅಷ್ಟು ಹೊಂದಿಕೊಳ್ಳುವ ಗಿರಾಕಿಯಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಸೀಟು ಇದ್ದ ಹಾಗೆ ಅದಕ್ಕೆ ಒಂದು ಜಾಗ ಇದೆ. ಬೇರೆ ಕಡೆ ಕೂತರೆ ಎಬ್ಬಿಸಬೇಕು.

ಇದನ್ನು ಹಲಗೆಯ ಮೇಲೆ ಎಷ್ಟು ಬರೆದರೂ ತಲೆಗೆ ಹೋಗುತ್ತಿರಲಿಲ್ಲ. ನಂಜಪ್ಪನವರೇ ದಾರಿ ತೋರಿಸಿದರು. ಒಂದೊಂದು ಪದವನ್ನು ರಟ್ಟಿನ ಮೇಲೆ ಬರೆದು ಒಂದೊಂದು ಮಗುವಿನ ಕೊರಳಿಗೆ ಹಾಕು, ಸಾಲಾಗಿ ನಿಲ್ಲಿಸು, ವಾಕ್ಯ ತಾನೇ ನಡೆದಾಡಲಿ ಎಂದರು. ಆ ರಟ್ಟುಗಳ ಕಟ್ಟು ನಾನು ಹೋದ ಶಾಲೆಗೆಲ್ಲ ನನ್ನ ಜೊತೆ ಬಂತು.

ಆಮೇಲೆ ನಾನು ಬಂದದ್ದು ಕುಣಿಗಲ್ ತಾಲ್ಲೂಕಿಗೆ, ಕಿಟಕಿಯಿಂದ ಹುತ್ರಿದುರ್ಗದ ಬಂಡೆ ಕಾಣುವ ಒಂದು ಹಳ್ಳಿಯ ಪ್ರೌಢಶಾಲೆಗೆ. ಊರಿನ ಹೆಸರು ಬೇಡ. ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಎಸ್ಸೆಸ್ಸೆಲ್ಸಿ ಫಲಿತಾಂಶ: ನೂರಕ್ಕೆ ನೂರು’ ಎಂದು ಬರೆಸಿದ್ದರು. ಮೊದಲ ದಿನ ಒಂಬತ್ತನೆಯ ತರಗತಿಗೆ ಹೋಗಿ ಸುಲಭದ ಒಂದು ಪ್ರಶ್ನೆ ಕೇಳಿದೆ. ತರಗತಿಗೆ ತರಗತಿಯೇ ಕೈ ಎತ್ತಿತು. ಒಂದು ಮಗುವೂ ಕೈ ಕೆಳಗಿಟ್ಟಿರಲಿಲ್ಲ. ಇಂಥ ಶಾಲೆಯೂ ಉಂಟೇ ಎಂದುಕೊಂಡು ಹತ್ತಿರದ ಹುಡುಗಿಗೆ “ನೀನು ಹೇಳಮ್ಮ” ಎಂದೆ.

ಹುಡುಗಿ ಎದ್ದು ನಿಂತಳು. ಬಾಯಿ ಬಿಡಲಿಲ್ಲ. ಎತ್ತಿದ ಕೈಯನ್ನು ಇಳಿಸಲೂ ಇಲ್ಲ. ಹಿಂದಿನಿಂದ ಯಾರೋ ಪಿಸುಗುಟ್ಟಿದರು: “ಮೇಡಂ, ಅವ್ಳು ಎಡಗೈ.”

“ಎಡಗೈ ಅಂದ್ರೆ?”

“ಗೊತ್ತಿರೋರು ಬಲಗೈ ಎತ್ಬೇಕು ಮೇಡಂ, ಗೊತ್ತಿಲ್ದೋರು ಎಡಗೈ. ನೀವು ಬಲಗೈಯೋರ್ನ ಕೇಳ್ಬೇಕು.” ಹೊಸ ಮೇಡಂಗೆ ಇಷ್ಟೂ ಗೊತ್ತಿಲ್ಲವೇ ಎಂಬ ಕನಿಕರ ಆ ದನಿಯಲ್ಲಿತ್ತು.

ಈಗ ನೋಡಿದರೆ ತರಗತಿಯ ಹೆಚ್ಚುಕಡಿಮೆ ಅರ್ಧ ಎಡಗೈ. ಬಾಗಿಲಿನಿಂದ ನೋಡುವವರಿಗೆ ಕೈಗಳ ತೋಪು. ಒಳಗೆ ಅರ್ಧ ಪೊಳ್ಳು. ಆ ಮಕ್ಕಳು ಇದನ್ನು ಮೋಸ ಎಂದುಕೊಂಡಿರಲೇ ಇಲ್ಲ. ಪ್ರಾರ್ಥನೆಗೆ ಕೈ ಮುಗಿಯುವ ಹಾಗೆ ಇದೂ ಶಾಲೆಯ ಒಂದು ಕ್ರಮ ಎಂದು ತಿಳಿದಿದ್ದರು.

ಇದು ಆ ಒಂದು ಶಾಲೆಯ ಜಾಣತನ ಎಂದುಕೊಳ್ಳಬೇಡಿ. ಎಷ್ಟೋ ವರ್ಷದ ಮೇಲೆ ತುಮಕೂರಿನಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ಪಾಠ ಮಾಡುವಾಗ, “ಅರ್ಥವಾದವರು ಕೈ ಎತ್ತಿ” ಎಂದೆ. ತಲೆ ನರೆತ ಮೇಷ್ಟ್ರೊಬ್ಬರು ಎಡಗೈ ಎತ್ತಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಸಭೆಯೆಲ್ಲ ನಕ್ಕಿತು. ಎಲ್ಲರಿಗೂ ಗೊತ್ತು ಎಂದಾಯಿತಲ್ಲ! ನಾನು ನಗಲಾರದೆ ನೀರು ಕುಡಿದೆ.

ಕುಣಿಗಲ್ಲಿಗೆ ಮರಳುತ್ತೇನೆ. ಅಲ್ಲಿನ ಮುಖ್ಯೋಪಾಧ್ಯಾಯರು ಬಸವರಾಜಯ್ಯನವರು. ಗಣಿತದವರು. ಕೆಟ್ಟವರಲ್ಲ, ಬಿಸಿಯೂಟದ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ದಿನವೂ ತಾವೇ ರುಚಿ ನೋಡುತ್ತಿದ್ದವರು. ಆದರೆ ಗೋಡೆಯ ಮೇಲಿನ ಆ ನೂರಕ್ಕೆ ನೂರು ಅವರ ನಿದ್ದೆ ಕದ್ದಿತ್ತು. ಹಿಂದಿನ ಶಾಲೆಯಲ್ಲಿ ಫಲಿತಾಂಶ ಇಳಿದು ನೋಟಿಸು ಬಂದಿತ್ತಂತೆ. ಆ ಭಯ ಇನ್ನೂ ಇಳಿದಿರಲಿಲ್ಲ.

ನಾನು ಎಡಗೈಯ ಮಾತು ತೆಗೆದಾಗ ಅವರು ಬಾಗಿಲು ಮುಂದೆ ಮಾಡಿ ನಿಧಾನವಾಗಿ ಹೇಳಿದರು: “ಮೇಡಂ, ಅದ್ರಿಂದ ನಮ್ಗೇ ಅನುಕೂಲ. ವರ್ಷದ ಕೊನೆಗೆ ಯಾರ್ಯಾರು ಎಡಗೈ ಅಂತ ಗೊತ್ತಿರುತ್ತಲ್ಲ? ಒಂಬತ್ತು ಮುಗಿದ್ ಕೂಡ್ಲೆ ಅಂಥೋರ ಮನೆಯವ್ರನ್ನ ಕರೆಸಿ ಟಿ.ಸಿ. ಕೊಟ್ಬಿಡ್ತೀವಿ. ಬೇರೆ ಕಡೆ ಓದ್ಕೊಳ್ಲಿ, ಇಲ್ಲಾ ಪ್ರೈವೇಟಾಗಿ ಪರೀಕ್ಷೆ ಕಟ್ಲಿ. ಹತ್ತಕ್ಕೆ ನಮ್ಮಲ್ಲಿ ಉಳಿಯೋದು ಬಲಗೈಗಳು.”

ಕೈ ಎತ್ತಿ ಎಂದು ಹೇಳಿ, ಎತ್ತಿದ ಕೈಯನ್ನೇ ಗುರುತು ಹಿಡಿದು, ಮಗುವನ್ನು ಹೊರಗೆ ಹಾಕುವುದು! ಆ ಗೋಡೆಯ ಬರಹದ ಕೆಳಗೆ ನಾನು ದಿನವೂ ಚಪ್ಪಲಿ ಬಿಡುತ್ತಿದ್ದೆ.

ಆ ವರ್ಷ ಟಿ.ಸಿ.ಗೆ ಮೊದಲ ಹೆಸರು ಭಾಗ್ಯಳದು. ಮೊದಲ ದಿನ ನನ್ನೆದುರು ಬಾಯಿ ಬಿಡದೆ ನಿಂತಿದ್ದ ಹುಡುಗಿ ಅವಳೇ. ಅವಳ ತಾಯಿ ಪುಟ್ಟಮ್ಮ ಹಿರೇಹಳ್ಳಿಯ ಒಂದು ಕಾರ್ಖಾನೆಗೆ ಬೆಳಗಿನ ಪಾಳಿಗೆ ಕತ್ತಲಲ್ಲೇ ಬಸ್ಸು ಹತ್ತುತ್ತಿದ್ದಳು. ಹಸು ಕರೆದು, ಡೈರಿಗೆ ಹಾಲು ಹಾಕಿ, ತಮ್ಮನನ್ನು ಹೊರಡಿಸಿ ಭಾಗ್ಯ ಶಾಲೆಗೆ ಬರುವ ಹೊತ್ತಿಗೆ ಮೊದಲ ಪಾಠ ಅರ್ಧವಾಗಿರುತ್ತಿತ್ತು. ಮೊದಲ ಪಾಠವೇ ಇಂಗ್ಲಿಷು.

ಬಸವರಾಜಯ್ಯನವರು ಪುಟ್ಟಮ್ಮನನ್ನು ಕರೆಸಿದಾಗ ನಾನೂ ಅಲ್ಲಿದ್ದೆ.

“ನಿಮ್ ಹುಡ್ಗಿಗೆ ಓದು ಹತ್ತಲ್ಲ ಕಣಮ್ಮ. ಟಿ.ಸಿ. ತಗೊಂಡ್ಬುಡು.”

“ಬರಾಕಿಲ್ಲ ಅಂದ್ರೆ ಹೇಳ್ಕೊಡಿ ಸಾ” ಎಂದಳು ಪುಟ್ಟಮ್ಮ. “ಬರಾಕಿಲ್ಲ ಅಂತ್ಲೇ ಅಲ್ವಾ ಇಸ್ಕೂಲ್ಗೆ ಕಳ್ಸಿರೋದು? ಬರಂಗಿದ್ರೆ ಮನೇಲೇ ಮಡಿಕತಿದ್ದೆ.”

ಬಸವರಾಜಯ್ಯನವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ಶಿ ಆಲ್ವೇಸ್ ಈಸ್ ಲೇಟ್ ಮೇಡಂ” ಎಂದರು. ಆಲ್ವೇಸ್ ತಪ್ಪು ಸೀಟಿನಲ್ಲಿ ಕೂತಿತ್ತು. ತಿದ್ದುವ ಹೊತ್ತು ಅದಲ್ಲ. ಪುಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಟಿ.ಸಿ. ತಗಂಡು ನಾನೇನ್ ಮಾಡ್ಲಿ ಸಾ? ಇಲ್ಲಿಂದ ಬುಡ್ಸಿದ್ರೆ ಬೇರೆ ಇಸ್ಕೂಲ್ಗೆ ಬಸ್ಸಿಲ್ಲ. ಅವ್ರಪ್ಪ ಮದ್ವೆ ಮಾಡ್ಬುಡಾನ ಅಂತಾನೆ. ಅಷ್ಟೇಯ” ಎಂದಳು.

ಅಳಲಿಲ್ಲ. ಡೈರಿಯಲ್ಲಿ ಹಾಲಿನ ಲೆಕ್ಕ ಹೇಳುವ ದನಿಯಲ್ಲಿ ಹೇಳಿದಳು.

ಅವಳು ಹೋದ ಮೇಲೆ ನಾನು ಮುಖ್ಯೋಪಾಧ್ಯಾಯರ ಮೇಜಿನ ಮುಂದಿನಿಂದ ಕದಲಲಿಲ್ಲ. ಕೊನೆಗೆ ಅವರೇ ಸೋತು ಹೇಳಿದರು: “ಸರಿ ಮೇಡಂ. ಬರೋ ತಿಂಗಳು ಇನ್‌ಸ್ಪೆಕ್ಷನ್ ಇದೆ. ಸಾಹೇಬ್ರು ಕೇಳಿದ ಪ್ರಶ್ನೆಗೆ ಆ ಹುಡ್ಗಿ ತಾನೇ ಎದ್ದು ಇಂಗ್ಲಿಷಲ್ಲಿ ಉತ್ತರ ಹೇಳ್ಲಿ. ಟಿ.ಸಿ. ಮಾತೇ ಎತ್ತಲ್ಲ.”

“ಅವಳು ಬಲಗೈ ಎತ್ತುತ್ತಾಳೆ ಸಾರ್.”

“ಎತ್ತಲಿ. ನೋಡೋಣ.”

ರಟ್ಟಿನ ಕಟ್ಟು ಬಿಚ್ಚಿದೆ. ಮೊದಲ ಪಾಠದಲ್ಲಿ ಮಕ್ಕಳನ್ನು ಹಲಗೆಯ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದೆ: ಒಬ್ಬ ‘ಐ’, ಪಕ್ಕದವಳು ‘ಹ್ಯಾವ್ ಟು’, ಆಮೇಲೆ ‘ಮಿಲ್ಕ್’, ಕೊನೆಗೆ ‘ದಿ ಕೌ’. ನಾನು ಹಸುವಿನ ಹಾಲು ಕರೆಯಬೇಕು ಎಂದಾಯಿತು. ‘ಆಲ್ವೇಸ್’ ರಟ್ಟನ್ನು ಬಾಗಿಲ ಮೊಳೆಗೆ ತೂಗುಹಾಕುತ್ತಿದ್ದೆ. ತಡವಾಗಿ ಓಡಿಬರುವ ಭಾಗ್ಯ ಬ್ಯಾಗು ಇಡುವ ಮೊದಲು ಅದನ್ನು ಕೊರಳಿಗೆ ಹಾಕಿಕೊಂಡು ಸಾಲಿನಲ್ಲಿ ತನ್ನ ಜಾಗ ಹುಡುಕಿ ನಿಲ್ಲಬೇಕು. ಮೊದಮೊದಲು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದಳು, ತಡವಾದವರ ಜಾಗ ಅದೇ ಎಂಬಂತೆ. ಮಕ್ಕಳೇ ಕೂಗುತ್ತಿದ್ದರು: “ಅಲ್ಲಲ್ವೇ! ನಡೂಕೆ ನುಗ್ಗೇ!” ‘ಐ’ ಆಗಿದ್ದ ಹುಡುಗ ಗೊಣಗುತ್ತಿದ್ದ: “ಏನ್ಲೇ, ದಿನಾ ನನ್ ಕಾಲೇ ತುಳೀತೀಯಲ್ಲೇ.” ಬರುಬರುತ್ತಾ ಅವಳು ಬಾಗಿಲಿನಿಂದ ಬಂದವಳೇ ಭುಜ ಓರೆ ಮಾಡಿ ‘ಐ’ ಮತ್ತು ‘ಹ್ಯಾವ್ ಟು’ ನಡುವೆ ಸರಕ್ಕನೆ ಸೇರಿಕೊಳ್ಳತೊಡಗಿದಳು. ತಡವಾಗಿ ಬಂದರೂ ತನಗೊಂದು ಜಾಗ ಇದೆ ಎಂಬುದು ಅವಳ ಮೈಗೆ ತಿಳಿಯಿತು. ಸಂಜೆ ನನ್ನ ಬಸ್ಸು ಬರುವವರೆಗೆ ಅವಳನ್ನು ಜಗಲಿಯಲ್ಲಿ ಕೂರಿಸಿಕೊಳ್ಳುತ್ತಿದ್ದೆ. ನಂಜಪ್ಪನವರ ಕಟ್ಟುಪಾಡು ಅಲ್ಲೂ ನಡೆಯಿತು: ನಿಜವಾದ ವಾಕ್ಯ ಮಾತ್ರ. ನಿನ್ನ ಹತ್ತಿರ ಏನಿದೆ? ನೀನು ಏನು ಮಾಡಲೇಬೇಕು? ಮಾತು ತೊದಲುತ್ತಿತ್ತು. ಆದರೆ ಬರುತ್ತಿತ್ತು. ಸಾಹೇಬರು ಪ್ರಶ್ನೆ ಕೇಳಿದಾಗ ಬಲಗೈ ಎತ್ತು ಎಂದು ಅವಳಿಗೆ ಹೇಳಿಟ್ಟಿದ್ದೆ.

ಇನ್‌ಸ್ಪೆಕ್ಷನ್ ದಿನ ಬಂತು. ವಿಷಯ ಪರಿವೀಕ್ಷಕರು ಎತ್ತರದ ಆಳು, ಮೃದು ಮಾತು. ಮಕ್ಕಳಿಗೆ ಬೇರೆ ಬೇರೆ ಪ್ರಶ್ನೆ ಕೇಳಲು ಶುರು ಮಾಡಿದರು. ಭಾಗ್ಯ ಬಂದಿರಲಿಲ್ಲ. ನನ್ನ ಕಣ್ಣೆಲ್ಲ ಬಾಗಿಲ ಮೇಲೆ. ಕೊನೆಗೆ ಬಸವರಾಜಯ್ಯನವರೇ ಅವಳನ್ನು ಕರೆದುಕೊಂಡು ಬಂದು ಒಳಗೆ ಬಿಟ್ಟರು. ಬಿಡುವಾಗ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ್ದು ಬಾಗಿಲ ಪಕ್ಕದಲ್ಲಿದ್ದ ನನಗೂ ಕೇಳಿತು: “ಎಡಗೈ ಎತ್ತಮ್ಮ ಇವತ್ತು. ತಪ್ಪು ಹೇಳಿ ಸ್ಕೂಲ್ ಮಾನ ಕಳೀಬೇಡ.”

ಕೊಟ್ಟ ಮಾತನ್ನು ಹೆದರಿಕೆ ನುಂಗಿತ್ತು. ಅಧಿಕಾರಿಯ ಎದುರು ನಾನು ಬಾಯಿ ತೆರೆಯುವಂತಿರಲಿಲ್ಲ.

ಇನ್ನೊಂದು ಆಘಾತ ಆ ಹೊತ್ತಿಗೇ ಕಾದಿತ್ತು. ಪರಿವೀಕ್ಷಕರು ಪ್ರಶ್ನೆ ಕೇಳುತ್ತಾರೆ, ತರಗತಿ ಪೂರ್ತಿ ಕೈ ಎತ್ತುತ್ತದೆ, ಅವರು ಒಬ್ಬರನ್ನು ಎಬ್ಬಿಸುತ್ತಾರೆ. ಎಬ್ಬಿಸಿದವರೆಲ್ಲ ಬಲಗೈ. ಮೊದಲು ಅದೃಷ್ಟ ಎಂದುಕೊಂಡೆ. ಮತ್ತೆ ಬಲಗೈ. ಮತ್ತೆ ಬಲಗೈ. ಒಂದು ಸಲವೂ ಅವರ ಬೆರಳು ತಪ್ಪಲಿಲ್ಲ. ಈ ಮನುಷ್ಯನಿಗೂ ಗೊತ್ತು! ಪರೀಕ್ಷಿಸಲು ಬಂದವರು, ಮರ್ಯಾದೆಯಿಂದ, ಯಾರಿಗೂ ತೊಂದರೆಯಾಗದ ಹಾಗೆ ಎಡಗೈಗಳನ್ನು ದಾಟಿಕೊಂಡು ಹೋಗುತ್ತಿದ್ದರು.

“ನಿಮ್ಮ ಹತ್ತಿರ ಇರೋದು ಒಂದು, ನೀವು ಮಾಡಲೇಬೇಕಾದ್ದು ಒಂದು. ಇಂಗ್ಲಿಷಲ್ಲಿ ಯಾರು ಹೇಳ್ತೀರಿ?” ಎಂದರು.

ಕೈಗಳು ಮೇಲೆದ್ದವು. ಪರಿವೀಕ್ಷಕರ ಬೆರಳು ಅರ್ಧದಲ್ಲೇ ನಿಂತಿತು. ಬಾಗಿಲ ಬಳಿಯ ಬೆಂಚಿನಲ್ಲಿ ಭಾಗ್ಯ ಎರಡೂ ಕೈ ಎತ್ತಿದ್ದಳು. ಮೊಣಕೈ ನೆಟ್ಟಗೆ, ಎರಡೂ ಒಂದೇ ಎತ್ತರಕ್ಕೆ.

“ಇದೇನಮ್ಮ, ಎರಡೂ ಕೈ?”

ಅವಳು ಎದ್ದಳು. ಕೈ ಇಳಿಸಲಿಲ್ಲ. ತುಟಿ ಅಲುಗಿತು, ದನಿ ಬರಲಿಲ್ಲ. ಬಸವರಾಜಯ್ಯನವರು ಕಣ್ಣು ಮುಚ್ಚಿಕೊಂಡರು. ಆಗ ಅವಳ ಭುಜ ಸ್ವಲ್ಪ ಓರೆಯಾದದ್ದು ಕಂಡಿತು, ಸಾಲಿನೊಳಗೆ ನುಗ್ಗುವಾಗ ಮಾಡುತ್ತಿದ್ದ ಹಾಗೆಯೇ.

“ಐ ಹ್ಯಾವ್ ಗಾಟ್ ಟೂ ಹ್ಯಾಂಡ್ಸ್ ಸರ್” ಎಂದಳು. “ಐ ಆಲ್ವೇಸ್ ಹ್ಯಾವ್ ಟು ರೈಸ್ ಲೆಫ್ಟ್ ಹ್ಯಾಂಡ್. ಟುಡೇ ಐ ನೋ.”

ನನಗೆ ಎರಡು ಕೈ ಇವೆ. ನಾನು ಯಾವಾಗಲೂ ಎಡಗೈಯನ್ನೇ ಎತ್ತಬೇಕು. ಇವತ್ತು ನನಗೆ ಗೊತ್ತು. ಅಷ್ಟೇ ಅವಳು ಹೇಳಿದ್ದು. ದೂರಿನ ದನಿಯಿರಲಿಲ್ಲ. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ.

ಪರಿವೀಕ್ಷಕರು ತರಗತಿಯ ಕಡೆ ತಿರುಗಿದರು. ಆಮೇಲೆ, “ಮಿಕ್ಕೋರು ಕೈ ಹಾಗೇ ಇಟ್ಕೊಳ್ಳಿ. ಬಲಗೈಯವರು ಮಾತ್ರ ಇಳಿಸಿ” ಎಂದರು.

ಬಲಗೈಗಳು ಇಳಿದವು. ಉಳಿದ ಎಡಗೈಗಳು ಹಾಗೇ ನಿಂತವು. ಆ ಕೈಗಳನ್ನು ವರ್ಷಗಟ್ಟಲೆ ದಾಟಿಹೋದವರು ಅವನ್ನು ಮಾತ್ರ ನೋಡಿದ್ದು ಅದೇ ಮೊದಲಿರಬೇಕು. ಅವರು ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು.

ಆಫೀಸಿನಲ್ಲಿ ಪರಿವೀಕ್ಷಕರು ಎಳನೀರು ಮುಟ್ಟಲಿಲ್ಲ. “ಬಸವರಾಜಯ್ಯ, ಈ ಎಡಗೈ ವಿದ್ಯೆ ನಿಮಗೆ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದು ನಾನೇ ಅಲ್ವಾ?”

“ಹೌದು ಸಾರ್.”

“ಯಾಕೆ ಹೇಳ್ಕೊಟ್ಟೆ ನೆನಪಿದೆಯಾ? ಕೈ ಎತ್ತೋಕೇ ಹೆದರೋ ಮಕ್ಕಳಿಗೆ ನಾಚಿಕೆ ಆಗ್ಬಾರ್ದು ಅಂತ. ಎಡಗೈ ಎತ್ತಿದವ್ರನ್ನ ಗುರುತು ಇಟ್ಕೊಂಡು ಸಂಜೆ ಕೂರಿಸಿ ಕಲಿಸ್ಬೇಕು ಅಂತ. ಅದೆಲ್ಲಿ ಹೋಯ್ತ್ರೀ?”

ಬಸವರಾಜಯ್ಯನವರು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು. “ಸಾರ್, ಆ ಭಾಗ ಯಾರೂ ಬರ್ಕೊಂಡಿರ್ಲಿಲ್ಲ ಅನ್ಸುತ್ತೆ” ಎಂದರು.

ಇದಕ್ಕಿಂತ ಭಯಾನಕವಾದ ಮಾತನ್ನು ಶಾಲೆಯ ಆಫೀಸಿನಲ್ಲಿ ನಾನು ಕೇಳಿಲ್ಲ. ಒಳ್ಳೆಯ ಪದ್ಧತಿಯೊಂದರ ಅರ್ಧ ಊರೂರಿಗೆ ಹರಡಿತ್ತು. ಇನ್ನರ್ಧ ತರಬೇತಿಯ ಕೋಣೆಯಲ್ಲೇ ಉಳಿದಿತ್ತು. ಈಗ ಮೊಬೈಲಿನಲ್ಲಿ, ಸ್ಮಾರ್ಟ್ ಹಲಗೆಯಲ್ಲಿ ಹೊಸ ಹೊಸ ಪದ್ಧತಿಗಳು ಬರುತ್ತಿವೆ. ಕಲಿಯಿರಿ, ಬೇಡ ಎನ್ನುವುದಿಲ್ಲ. ಎರಡನೆಯ ಅರ್ಧ ಏನು ಎಂದು ಕೇಳಿ ಕಲಿಯಿರಿ.

ಪರಿವೀಕ್ಷಕರು ಕಾರು ಹತ್ತಿದ ಮೇಲೆ ಬಸವರಾಜಯ್ಯನವರು, “ಮಾತು ಕೊಟ್ಟಿದೀನಿ ಮೇಡಂ. ಭಾಗ್ಯ ಇರ್ತಾಳೆ” ಎಂದರು. ಉಳಿದವರ ಮಾತು ಎತ್ತಲಿಲ್ಲ. ನಾನು ಭಾಗ್ಯಳನ್ನು ಕರೆದು, ಎರಡು ಕೈ ಎತ್ತುವ ಧೈರ್ಯ ಹೇಗೆ ಬಂತು ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ನೀವು ಬಲಗೈ ಅಂದಿದ್ರಿ, ಸಾರು ಎಡಗೈ ಅಂದ್ರು. ಇಬ್ರ ಮಾತ್ನೂ ಮೀರ್ಬಾರ್ದಲ್ವಾ ಮೇಡಂ?”

ಮುಂದಿನ ವರ್ಷ ಆ ತರಗತಿಯ ಎಲ್ಲ ಮಕ್ಕಳೂ ನಮ್ಮ ಶಾಲೆಯಿಂದಲೇ ಪರೀಕ್ಷೆಗೆ ಕೂತರು. ಒಂದಿಬ್ಬರು ನಪಾಸಾಗಿ ಪೂರಕ ಪರೀಕ್ಷೆ ಬರೆದರು. ಗೋಡೆಯ ನೂರಕ್ಕೆ ನೂರು ಅಳಿಸಬೇಕಾಯಿತು. ನೋಟಿಸು ಬಂತು, ಬಸವರಾಜಯ್ಯನವರು ಉತ್ತರ ಬರೆದರು, ಆಕಾಶವೇನೂ ಬೀಳಲಿಲ್ಲ. ಭಾಗ್ಯ ಪಾಸಾದಳು, ಹೇಳಿಕೊಳ್ಳುವಂಥ ಅಂಕವಲ್ಲ. ಕುಣಿಗಲ್ಲಿನ ಕಾಲೇಜಿಗೆ ಸೇರಿದಳು. ಮದುವೆಯ ಮಾತು ಅಲ್ಲಿಗೆ ನಿಂತಿತು.

ಒಬ್ಬಳಿಗೆ ಕೊಟ್ಟ ಮಾತು ಎಲ್ಲರಿಗೂ ಹೇಗೆ ಸಂದಿತು ಎಂಬುದನ್ನು ಹೇಳಬೇಕು.

ಇನ್‌ಸ್ಪೆಕ್ಷನ್ನಿನ ಮಾರನೆಯ ಬೆಳಿಗ್ಗೆ ಎಂದಿನಂತೆ ಗಂಟೆಗೆ ಮೊದಲೇ ಬಾಗಿಲಲ್ಲಿದ್ದೆ. ಹಾಜರಿ ಮುಗಿಸಿ ಒಂದು ಪ್ರಶ್ನೆ ಕೇಳಿದೆ. ತಲೆ ಎತ್ತಿ ನೋಡಿದರೆ ತರಗತಿಗೆ ತರಗತಿಯೇ ಎರಡೂ ಕೈ ಎತ್ತಿ ಕೂತಿತ್ತು. ಮುಂದಿನ ಬೆಂಚು, ಹಿಂದಿನ ಬೆಂಚು, ಜಾಣರು, ತೊದಲುವವರು, ‘ಐ’ ಆಗುತ್ತಿದ್ದ ಹುಡುಗ, ಎಲ್ಲರೂ. ಯಾರು ಹೇಳಿಕೊಟ್ಟರೋ ತಿಳಿಯದು. ಯಾರೂ ನಗುತ್ತಿರಲಿಲ್ಲ.

ಕಿಟಕಿಯ ಆಚೆ ಬಸವರಾಜಯ್ಯನವರು ನಿಂತಿದ್ದರು. ಅವರ ಮುಖ ಬಿಳಿಚಿತ್ತು.

“ಮೇಡಂ, ಹಿಂಗಾದ್ರೆ ಟಿ.ಸಿ. ಪಟ್ಟಿ ಹೆಂಗ್ ಮಾಡೋದು? ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅಂತ ಹೆಂಗ್ರೀ ತಿಳಿಯೋದು?”

“ಒಬ್ಬೊಬ್ಬರನ್ನೇ ಕೇಳಬೇಕು ಸಾರ್” ಎಂದೆ. ಮೊದಲ ಬೆಂಚಿನಿಂದ ಶುರು ಮಾಡಿದೆ. ಭಾಗ್ಯ ಬಂದಾಗ ಮೂರನೆಯ ಬೆಂಚಿನಲ್ಲಿದ್ದೆ. ಬ್ಯಾಗು ಇಟ್ಟು, ಕೂತು, ತರಗತಿಯನ್ನೊಮ್ಮೆ ನೋಡಿ, ಅವಳೂ ಎರಡು ಕೈ ಎತ್ತಿದಳು.